ಹದಿನಾಲ್ಕನೆಯ ಕೋಣೆಯ ಎಂಟನೆಯವಳು

ಹೋದ ವಾರ ಕುಕ್ಕರಿನ ಮುಚ್ಚಳ ಕೈಜಾರಿ ಕಾಲಿನ ಹೆಬ್ಬೆರಳ ಮೇಲೆ ಬಿದ್ದಾಗ ನನ್ನ ಬಾಯಿಂದ “ಕುಂತಾಚ್!” ಎಂದು ಬಂದುಬಿಟ್ಟಿತು. ನಿಧಿ, ನೀನು ಅಲ್ಲೇ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಸೀರಿಯಲ್ ತಿನ್ನುತ್ತಿದ್ದೆ. ನಾನು ದಿನಕ್ಕೆ ನೂರು ಸಲ “ಊಟಕ್ಕೆ ಬಾ” ಅನ್ನುತ್ತೇನೆ. ಅದು ನಿನ್ನ ನಾಲಿಗೆಗೆ ಇವತ್ತಿನವರೆಗೂ ಅಂಟಿಲ್ಲ. ಇದು ಮಾತ್ರ ಒಂದೇ ಸಲಕ್ಕೆ ಅಂಟಿಕೊಂಡಿತು.

ಶನಿವಾರ ಕನ್ನಡ ಶಾಲೆಯಲ್ಲಿ ಪೆನ್ಸಿಲಿನ ಮೊನೆ ಮುರಿದಾಗ ನೀನು ಇಡೀ ಕ್ಲಾಸಿಗೆ ಕೇಳುವಂತೆ “ಕುಂತಾಚ್!” ಎಂದೆಯಂತೆ. ಟೀಚರು ಅದೇನೆಂದು ಕೇಳಿದರೆ “ಕನ್ನಡ, ಮೈ ಅಜ್ಜಿ ಸೇಸ್ ಇಟ್” ಎಂದೆಯಂತೆ. ಆ ಟೀಚರ್ ಹುಡುಗಿ ಪಾಪ, ಮನೆಗೆ ಹೋಗಿ ನಿಘಂಟು ತೆಗೆದು ಹುಡುಕಿದಳಂತೆ. ಸಿಗದೆ ನಿಮ್ಮ ಅಮ್ಮನಿಗೆ ಫೋನು ಮಾಡಿ, “ವಸುಧಾ ಅವ್ರೆ, ಇದು ನಿಮ್ಮ ನಾಗಮಂಗಲದ ಕಡೆ ಮಾತಾ? ನಾನು ಬೆಂಗಳೂರಲ್ಲೇ ಬೆಳ್ದಿದ್ದಲ್ವಾ, ಗೊತ್ತಾಗ್ಲಿಲ್ಲ” ಎಂದು ಕ್ಷಮೆ ಕೇಳುವ ಧ್ವನಿಯಲ್ಲಿ ವಿಚಾರಿಸಿದಳು. ನಿಮ್ಮ ಅಮ್ಮ ನಕ್ಕೂ ನಕ್ಕೂ ಸೋಫಾದ ಮೇಲೆ ಬಿದ್ದಳು.

ಅದು ನಾಗಮಂಗಲದ ಮಾತಲ್ಲ. ಇಟಲಿ ದೇಶದ ತಲೆಯ ಮೇಲೆ, ಹಿಮದ ಬೆಟ್ಟಗಳ ಬುಡದಲ್ಲಿ ಪೀಡ್ಮಾಂಟ್ ಎಂಬ ಸೀಮೆ ಇದೆ, ಅಲ್ಲಿಯ ಮಾತು. ನಾವು “ಅಯ್ಯೋ ಶಿವನೇ” ಅನ್ನುವಲ್ಲಿ ಅವರು ಹಾಗನ್ನುತ್ತಾರೆ. ಅದು ನನ್ನ ಬಾಯಿಗೆ ಹೇಗೆ ಬಂತು ಎಂದು ನಿನ್ನ ಅಕ್ಕ ಸಿರಿ ಎರಡು ದಿನದಿಂದ ಬೆನ್ನು ಹತ್ತಿದ್ದಾಳೆ. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ. ನೀವಿಬ್ಬರೂ ಕನ್ನಡ ಓದಲು ಕಲಿತ ದಿನ ಓದಿ. ಸ್ವಲ್ಪ ಬೇಗ ಕಲಿತರೆ ಒಳ್ಳೆಯದು. ಅನುಮಾನ ಬಂದ ಕಡೆ ಕೇಳುವುದಕ್ಕೆ ನಾನು ಇರಬೇಕಲ್ಲ.

ನಾನು ಊರು ಬಿಟ್ಟು ಈ ದೇಶಕ್ಕೆ, ನಿಮ್ಮ ಈ ಕ್ಯಾಂಪ್‌ಬೆಲ್‌ಗೆ ಬಂದ ಎರಡನೆಯ ವರ್ಷ ನಿಮ್ಮ ಅಮ್ಮ ನನ್ನನ್ನು ದೊಡ್ಡವರ ಶಾಲೆಗೆ ಸೇರಿಸಿದಳು. ದೊಡ್ಡವರ ಶಾಲೆ ಎಂದರೆ ನನ್ನಂಥವರಿಗೆ ಇಂಗ್ಲಿಷು, ಕಂಪ್ಯೂಟರು, ಹೊಲಿಗೆ, ಕುರ್ಚಿಯ ಮೇಲೆ ಕೂತು ಮಾಡುವ ಯೋಗ ಎಲ್ಲವನ್ನೂ ಹೇಳಿಕೊಡುವ ಕಡೆ. ಮಂಗಳವಾರ, ಗುರುವಾರ, ಬೆಳಗ್ಗೆ ಹತ್ತು ಗಂಟೆಗೆ ಇಂಗ್ಲಿಷು. ನಾನು ಹಳ್ಳಿಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷು ಕಿವಿಗೆ ಅರ್ಧ ಇಳಿಯುತ್ತದೆ, ಬಾಯಿಗೆ ಕಾಲುಭಾಗವೂ ಬರುವುದಿಲ್ಲ.

“ಅಮ್ಮಾ, ರೂಮ್ ನಂಬರ್ ಟ್ವೆಲ್ವ್. ಒಳಗೆ ಹೋಗಿ ಕೂತ್ಕೊ, ಅಷ್ಟೇ. ನನಗೆ ಮೀಟಿಂಗಿದೆ,” ಎಂದು ನಿಮ್ಮ ಅಮ್ಮ ಗೇಟಿನಲ್ಲಿ ನನ್ನನ್ನು ಇಳಿಸಿ ಹೊರಟುಹೋದಳು.

ಹನ್ನೆರಡನೆಯ ಕೋಣೆಯ ಮುಂದೆ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಅಷ್ಟು ಜನರ ನಡುವೆ “ಸ್ವಲ್ಪ ದಾರಿ ಬಿಡಿ” ಎನ್ನುವುದು ಹೇಗೆ? ಜನ ಕರಗಲಿ ಎಂದು ಇನ್ನೂ ಎರಡು ಬಾಗಿಲು ಮುಂದೆ ಹೋಗಿ ಗೋಡೆಗೆ ಒರಗಿ ನಿಂತೆ. ಆ ಬಾಗಿಲಿನಿಂದ ನನ್ನದೇ ವಯಸ್ಸಿನ ಒಬ್ಬ ಹೆಂಗಸು ಇಣುಕಿದರು. ಬಿಳಿ ಕೂದಲು, ಮೊಣಕೈಯಲ್ಲಿ ತೇಪೆ ಹಾಕಿದ ನೀಲಿ ಸ್ವೆಟರು. ನನ್ನನ್ನು ಕಂಡದ್ದೇ ಕಳೆದುಹೋದ ತಂಗಿ ಸಿಕ್ಕಿದಂತೆ ಮುಖ ಅರಳಿಸಿ, ಕೈ ಹಿಡಿದು, ಒಳಗೆ ಕರೆದುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿಬಿಟ್ಟರು. ಕೈ ಹಿಡಿದು ಕೂರಿಸಿದವರಿಗೆ “ಇದು ನನ್ನ ಕೋಣೆ ಅಲ್ಲ” ಎಂದು ಹೇಳುವಷ್ಟು ಒರಟುತನ ನಮ್ಮ ಮನೆಯಲ್ಲಿ ಯಾರಿಗೂ ಕಲಿಸಿರಲಿಲ್ಲ. ಇಂಗ್ಲಿಷ್ ತಾನೆ, ಯಾವ ಕೋಣೆಯಲ್ಲಾದರೇನು ಎಂದುಕೊಂಡು ಸೆರಗು ಹೊದ್ದು ಕುಳಿತೆ.

ಅವರೇ ರೀನಾ ಮೇಡಂ. ಬೋರ್ಡಿನ ಮುಂದೆ ನಿಂತು ಒಂದು ಮಾತು ಹೇಳಿ, ಕೈ ಎತ್ತಿ, ನಮ್ಮ ಕಡೆ ನೋಡಿದರು.

ನಮ್ಮ ಹಳ್ಳಿಯ ಶಾಲೆಯ ವಿಷಯ ಇಲ್ಲಿ ಹೇಳಬೇಕು. ಅಲ್ಲಿ ಮೇಷ್ಟರು ಒಬ್ಬರೇ, ಏಳು ಕ್ಲಾಸು. ಅವರು ಒಂದು ಸಲ ಹೇಳುವುದು, ನಾವು ಒಟ್ಟಾಗಿ ಗಂಟಲು ಹರಿಯುವಂತೆ ಕೂಗುವುದು. ಕಾಗುಣಿತವೂ ಹಾಗೇ, ಮಗ್ಗಿಯೂ ಹಾಗೇ. ಕೂಗು ಹೊಲದ ತನಕ ಕೇಳಿಸದಿದ್ದರೆ ನಮ್ಮ ಅಪ್ಪ ಸಂಜೆ ಬಂದು “ಇವತ್ತು ಇಸ್ಕೂಲು ಇರ್ಲಿಲ್ವಾ?” ಎಂದು ಕೇಳುತ್ತಿದ್ದರು. ಇಷ್ಟು ನಾಚಿಕೆಯವಳು ಹೇಗೆ ಕೂಗುತ್ತಿದ್ದೆ ಎಂದು ನೀವು ಕೇಳಬಹುದು. ಎಲ್ಲರೂ ಕೂಗುವಾಗ ನಾಚಿಕೆ ಎಲ್ಲಿಯದು? ಗುಂಪಿನೊಳಗೆ ನನ್ನ ಧ್ವನಿ ಯಾವುದೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ರೀನಾ ಮೇಡಂ ಕೈ ಎತ್ತಿದ ಕೂಡಲೇ ನನ್ನ ಅರವತ್ತು ವರ್ಷದ ಹಿಂದಿನ ಗಂಟಲು ತಾನಾಗಿ ತೆರೆದುಕೊಂಡಿತು. ಉಳಿದವರೂ ಕೂಗುತ್ತಾರೆಂದು ನಂಬಿ, ಅವರು ಹೇಳಿದ್ದನ್ನು ಹೊಲಕ್ಕೆ ಕೇಳುವಂತೆ ಕೂಗಿದೆ.

ಯಾರೂ ಕೂಗಲಿಲ್ಲ. ಇಲ್ಲಿಯವರು ಬಾಯೊಳಗೇ ಗೊಣಗಿಕೊಳ್ಳುತ್ತಾರಂತೆ. ಪಕ್ಕದಲ್ಲಿ ಕುಳಿತಿದ್ದ ಫ್ರಾಂಕ್ ಎಂಬ ದೊಡ್ಡ ಮೈಯ ಮುದುಕರ ಕೈಯಿಂದ ಕಾಫಿ ಲೋಟ ಹಾರಿತು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಆದರೆ ರೀನಾ ಮೇಡಂ ಎರಡು ಕೈಯನ್ನೂ ಎದೆಯ ಮೇಲಿಟ್ಟುಕೊಂಡು, “ಹೀಗೆ! ಎಲ್ಲರೂ ಹೀಗೆ!” ಎಂದರು. ಮುಂದಿನ ಮಾತಿಗೆ ಫ್ರಾಂಕ್ ಕೂಗಿದರು. ವಾರ ಕಳೆಯುವುದರೊಳಗೆ ಹದಿನಾಲ್ಕನೆಯ ಕೋಣೆ ನಮ್ಮ ಹಳ್ಳಿಯ ಶಾಲೆಯೇ ಆಗಿತ್ತು. ಪಕ್ಕದ ಕೋಣೆಯ ಕುರ್ಚಿಯೋಗದವರು ಕಣ್ಣು ಮುಚ್ಚಿ ಶಾಂತಿ ಹುಡುಕುತ್ತಿದ್ದರು. ಅವರು ಎರಡು ಸಲ ಬಂದು ಬಾಗಿಲು ಬಡಿದರು.

ಈಗ ಒಂದು ಮರ್ಯಾದೆಗೇಡಿನ ವಿಷಯ. ಎರಡು ಕ್ಲಾಸು ಮುಗಿಯುವವರೆಗೂ ನಾನು ಕಲಿಯುತ್ತಿರುವುದು ಇಂಗ್ಲಿಷು ಎಂದೇ ನಂಬಿದ್ದೆ. ನಿಮ್ಮ ಅಮ್ಮ ಮನೆಯಲ್ಲಿ ಆಡುವುದು ಆಫೀಸಿನ ಇಂಗ್ಲಿಷು, ಇದು ಪುಸ್ತಕದ ಇಂಗ್ಲಿಷು ಇರಬೇಕು ಅಂದುಕೊಂಡಿದ್ದೆ. ದೊಡ್ಡವರಿಗೆ “ಚೆರೇಯಾ” ಎಂದು ನಮಸ್ಕಾರ ಹೇಳಬೇಕು ಎಂದು ಮೊದಲ ದಿನವೇ ಕಲಿಸಿದ್ದರು. ನಾನು ಧೈರ್ಯ ಮಾಡಿ ಟಪಾಲಿನವನಿಗೆ ಚೆರೇಯಾ ಎಂದೆ. ಅವನು “ಯೂ ಟೂ” ಎಂದ. ಕಸದ ಗಾಡಿಯವನಿಗೂ ಎಂದೆ. ಅವನು ಕೈ ಬೀಸಿದ. ಹೀಗೆ ಎಲ್ಲರಿಗೂ ಅರ್ಥವಾಗುತ್ತಿರುವಾಗ ಅನುಮಾನ ಬರುವುದಾದರೂ ಹೇಗೆ?

ಮೂರನೆಯ ದಿನ ರೀನಾ ಮೇಡಂ ಒಂದು ನಕ್ಷೆ ತೂಗುಹಾಕಿದರು. ಇಂಗ್ಲೆಂಡು ಎಲ್ಲೂ ಇರಲಿಲ್ಲ. ಬೂಟಿನ ಆಕಾರದ ದೇಶದ ಮೇಲ್ತುದಿಯನ್ನು ಬೆರಳಿನಿಂದ ಸುತ್ತಿ, “ಇದು ನನ್ನ ಊರು, ಇದು ನಮ್ಮ ಭಾಷೆ, ಇದು ಇಟಾಲಿಯನ್ ಅಲ್ಲ, ಬೇರೆ,” ಎಂದರು. 

ಕ್ಲಾಸು ಬಿಟ್ಟ ಮೇಲೆ ಫ್ರಾಂಕ್ ಅವರಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ: “ನಾನು ತಪ್ಪಾಗಿ ಬಂದೆ. ಇಂಗ್ಲಿಷಿಗೆ ಹೋಗಬೇಕು.”

ಫ್ರಾಂಕ್ ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದವರು. ಸೋರುವ ಕಡೆ ಮೊದಲು ಬೆರಳಿಟ್ಟು ಆಮೇಲೆ ಮಾತಾಡುವ ಜಾತಿ. “ಗೌರಾ, ನೀವು ಹೋಗುವ ಹಾಗಿಲ್ಲ,” ಎಂದರು. “ಎಂಟು ಜನ ಇಲ್ಲದಿದ್ದರೆ ಆಫೀಸಿನವರು ಈ ಕ್ಲಾಸು ಮುಚ್ಚುತ್ತಾರೆ. ನಾನು ಎಣಿಸಿದ್ದೇನೆ. ನೀವೇ ಎಂಟನೆಯವರು.”

ಅಷ್ಟೇ. ನನ್ನ ಕಾಲಿಗೆ ಕಟ್ಟು ಬಿದ್ದಂತಾಯಿತು.

ಹೋಗಲಾರದೆ ಉಳಿದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಇಂಗ್ಲಿಷಿನ ಕ್ಲಾಸಿನಲ್ಲಾದರೆ ಹೊರಗೆ ಊರಿಗೆಲ್ಲ ಬರುವ ಭಾಷೆ ನನಗೊಬ್ಬಳಿಗೆ ಬರುವುದಿಲ್ಲ. ಇಲ್ಲಿ ಯಾರಿಗೂ ಬರುವುದಿಲ್ಲ! ಬ್ಯಾಂಕಿನಲ್ಲಿದ್ದವರು, ನರ್ಸಾಗಿದ್ದವರು, ಎಲ್ಲರೂ ನನ್ನ ಹಾಗೇ ತಡವರಿಸುತ್ತಿದ್ದರು. ಅಷ್ಟು ಸಮಾಧಾನದ ಜಾಗ ಈ ದೇಶದಲ್ಲಿ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಜೊತೆಗೆ ಒಂದು ವಿಷಯದಲ್ಲಿ ನಾನೇ ಕ್ಲಾಸಿಗೆ ಮೊದಲು. ನಾವು ಚಿಕ್ಕವರಿದ್ದಾಗ ಕ ಖ ಗ ಘ ಆದಮೇಲೆ ಙ ಎಂದು, ಚ ಛ ಜ ಝ ಆದಮೇಲೆ ಞ ಎಂದು ಕೂಗುತ್ತಿದ್ದೆವು. ಆ ಎರಡು ಅಕ್ಷರಗಳಿಂದ ಶುರುವಾಗುವ ಒಂದು ತರಕಾರಿ ಇಲ್ಲ, ಒಂದು ಹೆಣ್ಣುಮಗುವಿನ ಹೆಸರಿಲ್ಲ. ಇವನ್ನು ಯಾಕೆ ಇಟ್ಟಿದ್ದಾರೆ ಎಂದು ಸಿರಿ, ನೀನೂ ಕೇಳಿದ್ದೆ, ನನಗೂ ಗೊತ್ತಿರಲಿಲ್ಲ. ಪೀಡ್ಮಾಂಟಿನಲ್ಲಿ ಅವಕ್ಕೆ ಕೆಲಸ ಸಿಕ್ಕಿದೆ! ಅವರು ಚಂದ್ರನಿಗೆ ‘ಲುಙಾ’ ಅನ್ನುತ್ತಾರೆ, ಚಿಕ್ಕಮ್ಮನಿಗೆ ‘ಮಾಞಾ’ ಅನ್ನುತ್ತಾರೆ. ಬ್ಯಾಂಕಿನವರು ಮೂಗು ಹಿಡಿದುಕೊಂಡು ಪ್ರಯತ್ನಿಸಿದರೂ ಬರಲಿಲ್ಲ. ನಾನು ಕೂತಲ್ಲೇ ಹೇಳಿದೆ. ರೀನಾ ಮೇಡಂ ಬಂದು ನನ್ನ ಎರಡು ಕೆನ್ನೆಗೂ ಮುತ್ತು ಕೊಟ್ಟರು. ನಮ್ಮ ಮೇಷ್ಟರು ಹೊಡೆದದ್ದೇ ಹೊರತು ಮುತ್ತು ಕೊಟ್ಟ ದಾಖಲೆ ಇಲ್ಲ; ನನಗೆ ಎತ್ತ ನೋಡಬೇಕೋ ತಿಳಿಯಲಿಲ್ಲ.

ಅವರು ಒಂದು ಡಬ್ಬಿಯಲ್ಲಿ ಬ್ರೆಡ್ಡಿನ ಉದ್ದುದ್ದ ಗರಿಗರಿ ಕಡ್ಡಿಗಳನ್ನು ಮಾಡಿ ತರುತ್ತಿದ್ದರು. ಕಚ್ಚಿದರೆ ಕಟಕ್ಕೆನ್ನುತ್ತಿತ್ತು. ನಾವು ಶಾಲೆಯಲ್ಲಿ ಮೇಷ್ಟರ ಕಣ್ಣು ತಪ್ಪಿಸಿ ಬಳಪ ತಿನ್ನುತ್ತಿದ್ದೆವು, ಅದೇ ಸದ್ದು. ರುಚಿ ಇದೇ ಮೇಲು ಎಂದು ಒಪ್ಪಿಕೊಳ್ಳಬೇಕು. ಆದರೂ ತಿನ್ನುವಾಗ ಒಂದು ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು.

ರೀನಾ ಮೇಡಂ ಮದುವೆಯಾಗಿ ಈ ಕಣಿವೆಗೆ ಬಂದಾಗ ಇಲ್ಲೆಲ್ಲ ಜರ್ದಾಳು ಹಣ್ಣಿನ ತೋಟಗಳಿದ್ದವಂತೆ. ಅವರು ಹುಟ್ಟಿದ ಹಳ್ಳಿಯ ಶಾಲೆಯಲ್ಲಿ ಇಟಾಲಿಯನ್ ಮಾತ್ರ. ಮನೆಮಾತು ಬಾಯಿಗೆ ಬಂದರೆ ಟೀಚರು ಮೂಲೆಯಲ್ಲಿ ನಿಲ್ಲಿಸುತ್ತಿದ್ದರಂತೆ. “ನಾನು ಆ ಮೂಲೆಯಲ್ಲೇ ದೊಡ್ಡವಳಾದೆ,” ಎಂದು ನಗುತ್ತಿದ್ದರು. ಈಗ ಅದೇ ಶಾಲೆಗೆ ವಾರಕ್ಕೊಮ್ಮೆ ಯಾರೋ ಬಂದು ಆ ಮಾತನ್ನೇ ಹೇಳಿಕೊಡುತ್ತಾರಂತೆ. ತಂಗಿಯ ಮಗಳು ಫೋಟೋ ಕಳಿಸಿದ್ದಳು. ರೀನಾ ಮೇಡಂ ಇಲ್ಲೂ ಒಂದು ಮಕ್ಕಳ ಶಾಲೆಯಲ್ಲಿ ಸಂಜೆ ಹೊತ್ತು ಕಲಿಸಲು ನೋಡಿದ್ದರಂತೆ. ಬಿಸ್ಕತ್ತು ಇರುವಷ್ಟು ದಿನ ಮಕ್ಕಳು ಬಂದರು, ಮುಗಿದ ದಿನ ಹೋದರು. ಅವರ ಇಬ್ಬರು ಗಂಡುಮಕ್ಕಳಿಗೆ ಅಮ್ಮ ಹೇಳಿದ್ದೆಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾರೆ. ಇಂಥ ಮಕ್ಕಳು ಎಲ್ಲಾದರೂ ಇರುತ್ತಾರೆಯೇ ಎಂದು ನಾನು ಬಹಳ ಆಶ್ಚರ್ಯಪಟ್ಟೆ ಎಂದು ಬರೆದರೆ ನೀವಿಬ್ಬರೂ ನಗಬಾರದು.

ಫ್ರಾಂಕ್ ಬಂದಿದ್ದಕ್ಕೆ ಕಾರಣ ಒಂದು ಕ್ಯಾಸೆಟ್ಟು. ಅವರ ಅಜ್ಜಿ ಸಾಯುವ ಮೊದಲು ಅದರಲ್ಲಿ ಪೀಡ್ಮಾಂಟಿನ ಮಾತಿನಲ್ಲಿ ಏನೋ ಹೇಳಿದ್ದರಂತೆ. ಆಶೀರ್ವಾದ ಇರಬೇಕು ಎಂದು ನಂಬಿ ಅವರು ಇಷ್ಟು ವರ್ಷ ಜೋಪಾನ ಮಾಡಿದ್ದರು. ಒಂದು ಗುರುವಾರ ತಂದು ಹಾಕಿದರು. ರೀನಾ ಮೇಡಂ ಕಿವಿಗೊಟ್ಟು ಕೇಳಿದರು, ಕೆಂಪಗಾದರು, ಗುಂಡಿ ಒತ್ತಿ ನಿಲ್ಲಿಸಿದರು.

“ಏನಂತೆ?” ಎಂದರು ಫ್ರಾಂಕ್.

“ಚೆನ್ನಾಗಿ ಕಲಿಯಿರಿ. ನೀವೇ ತಿಳಿದುಕೊಳ್ಳಿ. ನನ್ನ ಬಾಯಿಂದ ಬೇಡ.”

ಅಂದಿನಿಂದ ಫ್ರಾಂಕ್ ಒಂದು ದಿನವೂ ತಪ್ಪಿಸಲಿಲ್ಲ.

ಮನೆಯಲ್ಲಿ ನಿಮ್ಮ ಅಮ್ಮ ವಾರಕ್ಕೊಮ್ಮೆ “ಹೇಗಿದೆ ಅಮ್ಮ ಕ್ಲಾಸು?” ಎಂದು ಕೇಳುವಳು. “ಚೆನ್ನಾಗಿದೆ,” ಎನ್ನುವೆನು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ರೀನಾ ಮೇಡಂ ವಿವರಣೆಯನ್ನೆಲ್ಲ ಸರಳ ಇಂಗ್ಲಿಷಿನಲ್ಲೇ ಕೊಡುತ್ತಿದ್ದರು. ಹಾಗಾಗಿ ಅದೂ ಕಾಲಡಿಗೆ ಬಿದ್ದ ಕಾಳಿನ ಹಾಗೆ ಸುಮ್ಮನೆ ಮೊಳೆಯುತ್ತಿತ್ತು. “ಅಮ್ಮನ ಇಂಗ್ಲಿಷ್ ಸಖತ್ ಇಂಪ್ರೂವ್ ಆಗಿದೆ, ಆ ಸ್ಕೂಲು ಸೂಪರ್,” ಎಂದು ಅವಳು ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದಳು. ಹಾಗೆ ಹೊಗಳಿಸಿಕೊಂಡ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು.

ಐದನೆಯ ವಾರ ಕ್ಲಾಸಿನ ಒಬ್ಬ ಹೆಂಗಸು ಮಗಳ ಮನೆಗೆಂದು ಆರಿಗನ್‌ಗೆ ಹೊರಟುಹೋದರು. ಫ್ರಾಂಕ್ ಲೆಕ್ಕದಲ್ಲಿ ನಾವು ಏಳಾದೆವು. ಮುಂದಿನ ಗುರುವಾರ ಆಫೀಸಿನ ಜೆನಿಫರ್ ಬಂದು ನೋಡುತ್ತಾರೆ, ಎಂಟು ಇಲ್ಲದಿದ್ದರೆ ಕೋಣೆ ಕುರ್ಚಿಯೋಗದವರಿಗೆ ಹೋಗುತ್ತದೆ ಎಂದು ರೀನಾ ಮೇಡಂ ತಿಳಿಸಿದರು. ನಮ್ಮ ಕಡೆ ಬೆನ್ನು ಮಾಡಿ ಬೋರ್ಡು ಒರೆಸುತ್ತಲೇ ಹೇಳಿದರು.

“ಮನೆಯಲ್ಲಿ ನನ್ನ ಟೊಮೇಟೊ ಗಿಡಗಳ ಜೊತೆ ಮಾತಾಡುತ್ತೇನೆ. ಅವು ಚೆನ್ನಾಗಿ ಕೇಳಿಸಿಕೊಳ್ಳುತ್ತವೆ. ಆದರೆ ತಿರುಗಿ ಮಾತಾಡುವವರು ಈ ಕೋಣೆಯಲ್ಲಿ ಮಾತ್ರ ಇದ್ದರು.”

ಇದ್ದರು ಎಂದರು. ಆಗಲೇ ಮುಚ್ಚಿಹೋದ ಹಾಗೆ. ನನಗೆ ಅವತ್ತು ಮನೆಗೆ ನಡೆದು ಬರುವಾಗ ದಾರಿ ಬಹಳ ಉದ್ದವಾಯಿತು.

ಆ ದಾರಿಯಲ್ಲೇ ನನಗೆ ನಮ್ಮ ಹಳ್ಳಿಯ ಶಾಲೆ ನೋಡಲು ಬರುತ್ತಿದ್ದ ಇನ್‌ಸ್ಪೆಕ್ಟರು ನೆನಪಾದರು. ನಮ್ಮ ಶಾಲೆಗೂ ಹೀಗೇ ತಲೆಯ ಲೆಕ್ಕ. ಇಪ್ಪತ್ತು ತಲೆ ಕಾಣದಿದ್ದರೆ ಶಾಲೆ ಎತ್ತಿ ಪಕ್ಕದೂರಿಗೆ ಸೇರಿಸುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ಮಕ್ಕಳೆಲ್ಲ ಹೊಲದಲ್ಲಿರುತ್ತಿದ್ದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಶಿವಣ್ಣ ಮೇಷ್ಟರು ಮನೆಮನೆಗೆ ಹೋಗಿ ತಲೆಗಳನ್ನು ಎರವಲು ತರುತ್ತಿದ್ದರು. ಶಾಲೆ ಬಿಟ್ಟವರು, ಶಾಲೆಗೆ ಇನ್ನೂ ಸೇರದವರು, ನೆಂಟರ ಮನೆಗೆ ಬಂದವರು, ಯಾರಾದರೂ ಆಗಬಹುದಿತ್ತು. ನನ್ನನ್ನು ನಾಲ್ಕೂವರೆ ವರ್ಷಕ್ಕೇ ಎತ್ತಿಕೊಂಡು ಹೋಗಿ ಕೂರಿಸಿದ್ದರು. ಮೇಕೆ ಮೇಯಿಸಲು ಹೋಗಿದ್ದ ಕೆಂಪಮ್ಮ ಎಂಬ ಹುಡುಗಿಯ ಜಾಗಕ್ಕೆ.

“ಕೆಂಪಮ್ಮ ಅಂತ ಕೂಗಿದ ತಕ್ಷಣ ಹಾಜರ್ ಸಾರ್ ಅನ್ನು. ಆಮ್ಯಾಲೆ ಬೆಲ್ಲ ಕೊಡ್ತೀನಿ,” ಎಂದಿದ್ದರು ಮೇಷ್ಟರು.

ಇನ್‌ಸ್ಪೆಕ್ಟರು ಕೂಗಿದರು. ನಾನು ಎದ್ದು ನಿಂತು, “ಹಾಜರ್ ಸಾರ್, ಬೆಲ್ಲ ಎಲ್ಲಿ?” ಎಂದೆ.

ಮೇಷ್ಟರ ಮುಖ ಸುಣ್ಣವಾಯಿತು. ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಮೇಷ್ಟರನ್ನು ನೋಡಿದರು, ಮೀಸೆಯೊಳಗೇ ನಕ್ಕು ಇಪ್ಪತ್ತು ಎಂದು ಬರೆದುಕೊಂಡರು. ನಮ್ಮ ಶಾಲೆ ಉಳಿಯಿತು. ಅದು ತಪ್ಪು ಎಂದು ನೀವು ಹೇಳಬಹುದು. ಆದರೆ ಆ ಶಾಲೆ ಉಳಿಯದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ನೀವು ಓದದೆ ಇರುವುದಕ್ಕೂ ಆಗುತ್ತಿರಲಿಲ್ಲ.

ಶನಿವಾರ ನಿಮ್ಮ ಅಪ್ಪ ನನ್ನನ್ನು ಮಿಲ್ಪಿಟಾಸಿನ ಮಾಲಿಗೆ ಬಿಟ್ಟರು. ಅಲ್ಲಿ ಅಂಗಡಿಗಳು ತೆರೆಯುವ ಮೊದಲು ನಾವು ನಾಲ್ಕಾರು ಹೆಂಗಸರು ಸೀರೆಯ ಕೆಳಗೆ ಸ್ನೀಕರ್ ಹಾಕಿಕೊಂಡು ಸುತ್ತು ಹೊಡೆಯುವ ವಾಡಿಕೆ. ಧಾರವಾಡದ ಕಮಲಾಬಾಯಿ ನಿಮಗೆ ಗೊತ್ತಲ್ಲ, ಫ್ರೀಮಾಂಟಿನವರು, ಎಪ್ಪತ್ತನೆಯ ವರ್ಷಕ್ಕೆ ಲೈಸೆನ್ಸ್ ತೆಗೆದುಕೊಂಡವರು. ಅವರ ಕಿವಿಯಲ್ಲಿ ವಿಷಯ ಹಾಕಿದೆ.

ಅವರು ನಡೆಯುವುದನ್ನೇ ನಿಲ್ಲಿಸಿದರು. “ಅಯ್ಯ ಯವ್ವಾ! ಇಂಗ್ಲಿಷ್ ಕಲೀರಿ ಅಂತ ಮಗಳು ಕಳಿಸಿದ್ರ ನೀವು ಏನ್ ಕಲ್ಯಾಕತ್ತೀರಿ?”

“ಪೀಡ್ಮಾಂಟೀಸ್.”

“ಪೀಡ್ಮಾಂಟ್ ಓಕ್‌ಲ್ಯಾಂಡ್ ಹಂತೇಕ ಐತಿ. ನನ್ನ ಸೊಸಿ ಆಫೀಸಿನಾಕಿ ಅಲ್ಲೇ ಮನಿ ತಗೊಂಡಾಳ. ಅಲ್ಲಿ ಮಂದಿ ಇಂಗ್ಲಿಷs ಮಾತಾಡ್ತಾರಲ್ರಿ!”

ಅದು ಬೇರೆ, ಇದು ಬೇರೆ ಎಂದು ತಿಳಿಸುವುದರಲ್ಲಿ ನಾವು ಮಾಲನ್ನು ಒಂದು ಸುತ್ತು ಹಾಕಿದ್ದೆವು. ಎರಡನೆಯ ಸುತ್ತಿನಲ್ಲಿ ಕೆಲಸ ಏನೆಂದು ಹೇಳಿದೆ.

“ಅಂದ್ರ ಹಾಜರಿ ತುಂಬಾಕ ನಾವು ಬಂದು ಕುಂದ್ರಬೇಕು.”

“ಹೂಂ.”

“ಬಾಯಿ ಬಿಡಬಾರದೇನು?”

“ಬಿಡಬೇಕು. ಜೋರಾಗಿ.”

“ಹಂಗಿದ್ರ ಬರ್ತೀನಿ,” ಎಂದರು ಕಮಲಾಬಾಯಿ. “ಒಬ್ಬಾಕಿ ಬರಾಂಗಿಲ್ಲ, ರಾಜಮ್ಮನ್ನೂ ಕರ್ಕೊಂಡ ಬರ್ತೀನಿ. ರಾಜಮ್ಮ, ಬರ್ತೀರಲ್ಲಾ?”

ಮೈಸೂರಿನ ರಾಜಮ್ಮ ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದವರು. “ಎಲ್ಲಿಗೆ ಅಂತ ಗೊತ್ತಾಗ್ಲಿಲ್ಲ, ಆದ್ರೆ ಬರ್ತೀನಮ್ಮ. ಮನೇಲಿ ಕೂತು ಕೂತು ಸಾಕಾಗಿದೆ,” ಎಂದರು.

ಗುರುವಾರ ಇಬ್ಬರೂ ಬಂದರು. ಕಮಲಾಬಾಯಿಗೆ ಫ್ರೀವೇ ಎಂದರೆ ಆಗದು. ಫ್ರೀಮಾಂಟಿನಿಂದ ಕ್ಯಾಂಪ್‌ಬೆಲ್‌ವರೆಗೆ ಒಂದೊಂದು ಸಿಗ್ನಲ್ಲಿನಲ್ಲೂ ನಿಂತು, ಎರಡು ಗಂಟೆ ಓಡಿಸಿಕೊಂಡು ಬಂದಿದ್ದರು. ಕೈಯಲ್ಲಿ ಚಕ್ಕುಲಿ ಡಬ್ಬ. ನಾನು ರೀನಾ ಮೇಡಂ ಮುಂದೆ ನಿಂತು, ಹಿಂದಿನ ರಾತ್ರಿಯಿಡೀ ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನು ಒಪ್ಪಿಸಿದೆ: “ಇವರು ನನ್ನ ಗೆಳತಿಯರು. ಪೀಡ್ಮಾಂಟೀಸ್ ಎಂದರೆ ಇವರಿಗೆ ಪ್ರಾಣ.” ನಾನು ಈ ದೇಶದಲ್ಲಿ ಆಡಿದ ಅತಿ ಉದ್ದದ ಮಾತು ಅದೇ; ಅದೇ ಸುಳ್ಳು.

ಅಂದಿನ ಪಾಠ ನೆಂಟಸ್ತಿಕೆ. ರೀನಾ ಮೇಡಂ ಕೈ ಎತ್ತಿದರು. ಕಮಲಾಬಾಯಿ ಹಾಕಿದ ಕೂಗಿಗೆ ಕುರ್ಚಿಯೋಗದವರು ಈ ಸಲ ಬಾಗಿಲು ಬಡಿಯಲೂ ಬರಲಿಲ್ಲ. ನಡುನಡುವೆ ಅವರು ನನ್ನ ಕಿವಿಯಲ್ಲಿ, “ಇಕಿ ಭಾಳ ಚಂದ ಕಲಿಸ್ತಾಳ್ರಿ. ನಮ್ಮ ಮಾಸ್ತರ ಹಿಂಗ ಕಲಿಸಿದ್ರ ನಾ ಕಲೆಕ್ಟರ್ ಆಗ್ತಿದ್ದೆ,” ಎಂದರು.

ಹತ್ತೂವರೆಗೆ ಜೆನಿಫರ್ ಬಂದರು. ನಿಮ್ಮ ಚಿಕ್ಕಮ್ಮನ ವಯಸ್ಸಿನ ನಗುಮುಖದ ಹುಡುಗಿ, ತೋಳಿನ ಮೇಲೆ ಲ್ಯಾಪ್‌ಟಾಪು. ನಾವು ಬೆನ್ನು ನೆಟ್ಟಗೆ ಮಾಡಿ, ತಲೆ ಚೆನ್ನಾಗಿ ಕಾಣುವಂತೆ ಎತ್ತಿ ಕುಳಿತೆವು. ಅವರು ನಮ್ಮ ತಲೆಗಳ ಕಡೆ ನೋಡಲೇ ಇಲ್ಲ. ಲ್ಯಾಪ್‌ಟಾಪಿನ ಕಡೆ ನೋಡಿ, “ಆರು,” ಎಂದರು.

ಫ್ರಾಂಕ್ ಎದ್ದು ನಿಂತರು. “ಆರಾ? ಎಣಿಸಿ! ಒಂಬತ್ತು ಜನ ಕೂತಿದ್ದೇವೆ!”

“ಹೆಸರು ದಾಖಲಾದವರು ಆರು,” ಎಂದರು ಜೆನಿಫರ್. ಆಮೇಲೆ ನನ್ನ ಕಡೆ ತಿರುಗಿ ಹೆಸರು ಕೇಳಿದರು, ಕುಟ್ಟಿದರು, ಹುಬ್ಬು ಗಂಟಿಕ್ಕಿದರು. “ಗೌರಮ್ಮ. ನೀವು ಈ ಕ್ಲಾಸಿನಲ್ಲಿ ಇಲ್ಲ. ಹನ್ನೆರಡನೆಯ ಕೋಣೆ, ಇಂಗ್ಲಿಷ್ ಮೊದಲನೆಯ ಹಂತ. ಆರು ವಾರದಿಂದ ಒಂದು ದಿನವೂ ಬಂದಿಲ್ಲ. ನಿಮ್ಮ ಮಗಳಿಗೆ ಮೇಲ್ ಕಳಿಸುತ್ತಲೇ ಇದ್ದೇವೆ.” ಆ ಮೇಲುಗಳೆಲ್ಲ ನಿಮ್ಮ ಅಮ್ಮನ ಜಂಕ್ ಡಬ್ಬಿಗೆ ಬೀಳುತ್ತಿದ್ದವು ಎಂದು ಆಮೇಲೆ ತಿಳಿಯಿತು.

ನೋಡಿ ನನ್ನ ಹಣೆಬರಹ. ಹಳ್ಳಿಯಲ್ಲಿ ಮೇಕೆ ಕಾಯುತ್ತಿದ್ದ ಕೆಂಪಮ್ಮ ಶಾಲೆಯಲ್ಲಿ ಹಾಜರು. ಇಲ್ಲಿ ಆರು ವಾರ ಮುಂದಿನ ಬೆಂಚಿನಲ್ಲಿ ಕೂತು ಕೂಗಿದ ನಾನು ಗೈರುಹಾಜರು. ನನ್ನನ್ನು ನಂಬಿ ಉಳಿದಿದೆ ಎಂದುಕೊಂಡಿದ್ದ ಕ್ಲಾಸಿನ ಲೆಕ್ಕದಲ್ಲಿ ನಾನು ಒಂದು ದಿನವೂ ಇರಲಿಲ್ಲ.

ಜೆನಿಫರ್ ಕೆಟ್ಟವರಲ್ಲ. “ಈಗಲೇ ಹೆಸರು ಬರೆಸಿದರೂ ನಡೆಯುತ್ತದೆ. ಇನ್ನು ಇಬ್ಬರು ಬೇಕು,” ಎಂದರು.

ನಾನು ಎರವಲು ತಂದ ಇಬ್ಬರ ಕಡೆ ನೋಡಿದೆ. ರಾಜಮ್ಮ ಪೆಚ್ಚಾಗಿ, “ನಾನು ಬುಧವಾರ ಊರಿಗೆ ಹೊರಡ್ತೀನಲ್ಲಮ್ಮ, ಟಿಕೆಟ್ ಆಗಿದೆ,” ಎಂದರು. ಕಮಲಾಬಾಯಿ ಕನ್ನಡಕ ಹುಡುಕುತ್ತಿದ್ದರು. “ಎಲ್ಲಿ ಸಹಿ ಮಾಡಬೇಕು ತೋರಿಸ್ರಿ. ಬರೇ ಕುಂದ್ರಾಕ ಬಂದೀನಿ, ಎದ್ದು ಹೋಗಾಕ ಮನಸs ಬರವಲ್ದು,” ಎಂದು ಹೆಸರು ಬರೆಸಿಯೇಬಿಟ್ಟರು.

ಏಳಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಆದರೆ ನನ್ನ ಹೆಸರು ಇಂಗ್ಲಿಷಿನಿಂದ ಬಿಡಿಸಿ ಇಲ್ಲಿಗೆ ಹಾಕಬೇಕಾದರೆ ಖಾತೆ ನಿಮ್ಮ ಅಮ್ಮನ ಫೋನಿನಲ್ಲಿದೆ, ಅವಳೇ ಒತ್ತಬೇಕು. ಜೆನಿಫರ್ ಅವಳಿಗೆ ಫೋನು ಹಚ್ಚಿ, ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ, ಸ್ಪೀಕರ್ ಹಾಕಿ ನನ್ನ ಮುಂದಿಟ್ಟರು.

“ಅಮ್ಮಾ! ಏನಮ್ಮಾ ಇದು? ಆರು ವಾರ ಆಬ್ಸೆಂಟಾ? ಮತ್ತೆ ಆ ಇಂಗ್ಲಿಷ್ ಎಲ್ಲಿ ಕಲ್ತೆ?”

“ಇಲ್ಲೇ,” ಎಂದೆ.

 “ಸರಿ ಬಿಡು, ಮನೇಲಿ ಮಾತಾಡೋಣ. ಎರಡೂ ಒಂದೇ ಟೈಮಂತೆ. ಈಗ ಹೇಳು, ನಿನಗೆ ಯಾವುದು ಬೇಕು?”

ಮಕ್ಕಳೇ, ಈ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರ ಇತ್ತು. ಸೀರೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಗಂಡು ನೋಡಲು ಬಂದ ದಿನ, ನಿಮ್ಮ ತಾತನ ಆಪರೇಷನ್ನಿಗೆ ಯಾವ ಆಸ್ಪತ್ರೆ ಎಂದು ಕೇಳಿದ ದಿನ, ಎಲ್ಲ ಕಡೆಯೂ ಅದೇ: “ನಿಮಗೆ ಹೇಗೆ ಅನುಕೂಲವೋ ಹಾಗೆ.” ನಮ್ಮಿಬ್ಬರ ಮಾತನ್ನೂ ನಿಮ್ಮ ತಾತನೇ ಆಡುತ್ತಿದ್ದರು. ಅವರು ಹೋದ ಮೇಲೆ ಪ್ರಶ್ನೆಯನ್ನೂ ಉತ್ತರವನ್ನೂ ನಿಮ್ಮ ಅಮ್ಮನೇ ನೋಡಿಕೊಳ್ಳುತ್ತಿದ್ದಳು. ನನಗೇನೂ ಬೇಸರವಿರಲಿಲ್ಲ.

ಅವತ್ತೂ ಬಾಯಿ “ನಿನಗೆ ಹೇಗೆ ಅನು…” ಎಂದು ಶುರುಮಾಡಿತ್ತು. ರೀನಾ ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಅವರು ಅದನ್ನು ಒರೆಸುತ್ತಲೇ ಇದ್ದರು.

“ನನಗೆ ಇದು ಬೇಕು ಕಣೇ ವಸು,” ಎಂದೆ.

ಫೋನನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡೆ.

“ಕೇಳಿಸ್ತಾ?”

“ಕೇಳಿಸ್ತಮ್ಮ. ಇನ್ನೊಂದ್ಸಲ ಹೇಳು.”

“ಯಾಕೆ?”

“ಸುಮ್ನೆ. ಹೇಳಮ್ಮ.”

ಹೇಳಿದೆ. ಈ ಸಲ ಸ್ವಲ್ಪ ಜೋರಾಗಿಯೇ ಬಂತು. ಹೇಗೂ ಬಾಯಿ ಬಂದಿದೆಯಲ್ಲ ಎಂದು, “ಬುಧವಾರ ಶುಕ್ರವಾರದಲ್ಲಿ ಎಲ್ಲಾದರೂ ಇಂಗ್ಲಿಷ್ ಇದ್ದರೆ ಅದೂ ಬೇಕು,” ಎಂದೆ. “ಮತ್ತೆ ಮಳೆ ಬಂದ ದಿನ ಮನೆಗೆ ಕರೆದುಕೊಂಡು ಹೋಗಲು ಯಾರಾದರೂ ಬರಬೇಕು.”

“ಸಾಕ್ರೀ ಗೌರಮ್ಮ!” ಎಂದರು ಹಿಂದಿನ ಬೆಂಚಿನಿಂದ ಕಮಲಾಬಾಯಿ. “ಒಂದs ದಿನಕ್ಕ ಎಷ್ಟ್ ಬೇಡ್ತೀರಿ!”